ತಾಯಿಯ ಬಳುವಳಿ

ತಾಯಿಯಿಂದ ಮಕ್ಕಳಿಗೆ ಬರುವುದು ಮೂಗು, ಕಣ್ಣು, ಮೈಬಣ್ಣಗಳಷ್ಟೇ ಎಂದು ತಿಳಿದವರುಂಟು. ತೊಟ್ಟಿಲಿನ ಮಗುವನ್ನು ನೋಡಲು ಬಂದ ಬಳಗದ ಹಿರಿಯರು 'ಮೂಗು ಥೇಟು ಅಜ್ಜಿಯದು, ಹಣೆ ಮಾತ್ರ ಸೋದರಮಾವನದು' ಎಂದು ಪಾಲು ಹಂಚುತ್ತಾರೆ. ಕಣ್ಣಿಗೆ ಕಾಣುವ ಈ ಆಸ್ತಿಯ ಜೊತೆಗೆ ಕಣ್ಣಿಗೆ ಕಾಣದ ಇನ್ನೆರಡು ವಸ್ತುಗಳೂ ತಾಯಿಯ ಒಡಲಿನಿಂದ ಇಳಿದು ಬರುವುದುಂಟು. ಒಂದು, ಎಂದೋ ಒಂದು ದಿನ ಹೇಳದೆ ಕೇಳದೆ ವಂಶದೊಳಕ್ಕೆ ನುಸುಳಿದ ಶತ್ರು. ಇನ್ನೊಂದು, ಆ ಶತ್ರುವಿನಿಂದ ಮಕ್ಕಳನ್ನು ಕಾಯುವ ರಕ್ಷೆ. ಆಶ್ಚರ್ಯವೆಂದರೆ, ಆ ರಕ್ಷೆಯನ್ನು ನೆಯ್ದಿರುವುದು ಶತ್ರುವಿನ ಮೈಯ ಚೂರುಗಳಿಂದಲೇ. ಈ ಗುಟ್ಟನ್ನು ಮನುಷ್ಯನಿಗೆ ತಿಳಿಸಿಕೊಟ್ಟ ಗುರು ಆನೆಯಲ್ಲ, ಸಿಂಹವಲ್ಲ. ಕಳಿತ ಬಾಳೆಹಣ್ಣಿನ ಸುತ್ತ ಸುಳಿದಾಡುವ ಹಣ್ಣಿನ ನೊಣ.

ಡ್ರಾಸೊಫಿಲ ಮೆಲನೊಗ್ಯಾಸ್ಟರ್ ಎಂಬುದು ಅದರ ಶಾಸ್ತ್ರೀಯ ನಾಮಧೇಯ. ಉದ್ದ ಎರಡು ಮೂರು ಮಿಲಿಮೀಟರು. ಗೃಹಿಣಿಗೆ ಅದೊಂದು ಕಿರುಕುಳ, ವಿಜ್ಞಾನಿಗಾದರೋ ಕಾಮಧೇನು. ಮೊಟ್ಟೆಯಿಂದ ಹೊರಟು ರೆಕ್ಕೆಯ ನೊಣವಾಗಲು ಅದಕ್ಕೆ ೧೦ ದಿನ ಸಾಕು. ಒಂದೊಂದು ಹೆಣ್ಣೂ ನೂರಾರು ಮೊಟ್ಟೆಗಳನ್ನಿಡುತ್ತದೆ. ವಂಶದ ಲಿಪಿಯನ್ನು ಹೊತ್ತ ವರ್ಣತಂತುಗಳು ಅದಕ್ಕೆ ನಾಲ್ಕೇ ಜೊತೆ. ಮನುಷ್ಯರಲ್ಲಿ ಮರಿಮಗನ ಮುಖ ನೋಡುವುದು ಒಂದು ಭಾಗ್ಯವೆನಿಸಿದರೆ, ನೊಣ ಸಾಕಿದವನು ಒಂದೇ ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ತಲೆಮಾರುಗಳನ್ನು ನೋಡಬಲ್ಲ.

ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ಪ್ರಾಧ್ಯಾಪಕನು ಹಾಲಿನ ಬಾಟಲಿಗಳಲ್ಲಿ ಇಂಥ ನೊಣಗಳನ್ನು ಸಾಕಿದ್ದನು. ೧೯೧೦ರಲ್ಲಿ ಕೆಂಪು ಕಣ್ಣಿನ ಬಂಧುಗಳ ನಡುವೆ ಬಿಳಿಗಣ್ಣಿನ ಗಂಡು ನೊಣವೊಂದು ಅವನಿಗೆ ಕಾಣಿಸಿತು. ಆ ಒಂದು ನೊಣದ ಸಂತಾನವನ್ನು ಅನುಸರಿಸಿ ನಡೆದ ಪ್ರಯೋಗಗಳಿಂದ, ವಂಶಗುಣಗಳನ್ನು ಹೊರುವ ಜೀನುಗಳು ವರ್ಣತಂತುಗಳ ಮೇಲೆ ಕುಳಿತಿವೆಯೆಂಬುದು ಸಿದ್ಧವಾಯಿತು. ಮಾರ್ಗನನಿಗೆ ೧೯೩೩ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಕಣ್ಣು ಬೆಳ್ಳಗಾದುದೇಕೆ ಎಂಬುದು ಅವನ ಜೀವಮಾನದಲ್ಲಿ ತಿಳಿಯಲಿಲ್ಲ. ದಶಕಗಳ ಅನಂತರ ಆ ಜೀನನ್ನು ಅಕ್ಷರ ಅಕ್ಷರವಾಗಿ ಓದಿದಾಗ, ಎಲ್ಲಿಂದಲೋ ಹಾರಿಬಂದ ಡಿ.ಎನ್.ಎ. ತುಣುಕೊಂದು ಅದರ ಬಾಗಿಲಲ್ಲೇ ಅಡ್ಡ ಕುಳಿತಿದ್ದುದು ಕಂಡುಬಂದಿತು. ತಳಿಶಾಸ್ತ್ರಕ್ಕೆ ನಾಂದಿ ಹಾಡಿದ ಆ ಪ್ರಸಿದ್ಧ ಬಿಳಿಗಣ್ಣು ಕೂಡ ಒಬ್ಬ ಅಲೆಮಾರಿಯ ಕೆಲಸವಾಗಿತ್ತು!

ನೊಣದ ಡಿ.ಎನ್.ಎ.ಯಲ್ಲಿ ಸುಮಾರು ಐದರಲ್ಲೊಂದು ಪಾಲು ಇಂಥ ಅಲೆಮಾರಿ ತುಣುಕುಗಳು ಮತ್ತು ಅವುಗಳ ಅವಶೇಷಗಳು. ಅವುಗಳಲ್ಲಿ ಹಲವು ಜಾತಿಗಳುಂಟು. ಕೆಲವು ಮನೆಯೊಳಗೇ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹಾರುವಂಥವು. ಇನ್ನು ಕೆಲವು ಮನೆಯಿಂದ ಮನೆಗೂ ದಾಟಬಲ್ಲವು, ಇವೇ ರೆಟ್ರೋವೈರಸ್ಸುಗಳು.

ರೆಟ್ರೋವೈರಸ್ಸಿನ ನಡತೆಯನ್ನು ತಿಳಿಯಲು ಹಳ್ಳಿಯ ಶ್ಯಾನುಭೋಗರ ಕಡತವನ್ನು ನೆನೆಯಬಹುದು. ಸಾಮಾನ್ಯವಾಗಿ ಜೀವಕೋಶದಲ್ಲಿ ಡಿ.ಎನ್.ಎ. ಎಂಬುದೇ ಮೂಲ ಕಡತ. ಅದರಿಂದ ಆರ್.ಎನ್.ಎ. ಎಂಬ ನಕಲು ಚೀಟಿ ಹೊರಡುತ್ತದೆ. ಚೀಟಿಯಲ್ಲಿ ಬರೆದಂತೆ ಕೆಲಸಗಾರರು ಪ್ರೋಟೀನುಗಳನ್ನು ತಯಾರಿಸುತ್ತಾರೆ. ಕಡತದಿಂದ ಚೀಟಿಯೇ ಹೊರತು ಚೀಟಿಯಿಂದ ಕಡತವಿಲ್ಲ ಎಂದು ಬಹುಕಾಲ ನಂಬಿಕೆಯಿತ್ತು. ೧೯೭೦ರಲ್ಲಿ ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಎಂಬ ಅಮೆರಿಕದ ವಿಜ್ಞಾನಿಗಳು, ಬೇರೆ ಬೇರೆಯಾಗಿ ದುಡಿದು, ಈ ನಂಬಿಕೆಯನ್ನು ತಿದ್ದಿದರು. ಕೆಲವು ವೈರಸ್ಸುಗಳು ಆರ್.ಎನ್.ಎ. ಚೀಟಿಯ ರೂಪದಲ್ಲಿ ಕೋಶದೊಳಕ್ಕೆ ಬಂದು, ತಮ್ಮದೇ ಕಿಣ್ವದ ಸಹಾಯದಿಂದ ಚೀಟಿಯನ್ನು ಡಿ.ಎನ್.ಎ.ಗೆ ತಿರುಗಿಸಿ ಬರೆಯುತ್ತವೆ. ಬಳಿಕ ಆ ಬರಹವನ್ನು ಆಶ್ರಯ ಕೊಟ್ಟವನ ಕಡತದ ನಡುವೆ ಸೇರಿಸಿಬಿಡುತ್ತವೆ. ಅಂಚೆಯಲ್ಲಿ ಬಂದ ಕಾಗದವೊಂದು ತಾನಾಗಿಯೇ ಎದ್ದು ಹೋಗಿ ಮನೆಯ ಆಸ್ತಿಪತ್ರದಲ್ಲಿ ಬರೆಯಿಸಿಕೊಂಡಂತೆ! ಆಮೇಲೆ ಕಡತದ ನಕಲು ಮಾಡುವಾಗಲೆಲ್ಲ ಕೋಶವು ತನ್ನ ಬರಹ ಯಾವುದು, ಪರರ ಬರಹ ಯಾವುದು ಎಂದು ಕೇಳುವುದಿಲ್ಲ. ಎರಡನ್ನೂ ಶ್ರದ್ಧೆಯಿಂದ ನಕಲು ಮಾಡುತ್ತದೆ.

ಆದರೆ ಯಾವ ಕೋಶದ ಕಡತದಲ್ಲಿ ಸೇರಿತು ಎಂಬುದರ ಮೇಲೆ ವೈರಸ್ಸಿನ ಮುಂದಿನ ಭವಿಷ್ಯವೆಲ್ಲ ನಿಂತಿದೆ. ಪ್ರಾಣಿಯ ಮೈಯಲ್ಲಿ ಎರಡು ಬಗೆಯ ಕೋಶಗಳುಂಟು. ಕಣ್ಣು, ರೆಕ್ಕೆ, ಕರುಳುಗಳ ಕೋಶಗಳು ಒಡಲಿನೊಂದಿಗೆ ಹುಟ್ಟಿ ಒಡಲಿನೊಂದಿಗೆ ಅಳಿಯುತ್ತವೆ. ಅಂಡವನ್ನೂ ವೀರ್ಯಾಣುವನ್ನೂ ಕೊಡುವ ಬೀಜಕೋಶಗಳು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಹರಿಯುವ ಹೊಳೆ. ಮೈಕೋಶದಲ್ಲಿ ಕುಳಿತ ವೈರಸ್ಸು ಬಾಡಿಗೆಯ ಮನೆಯಲ್ಲಿದ್ದಂತೆ. ಬೀಜಕೋಶವನ್ನು ಹೊಕ್ಕ ವೈರಸ್ಸಾದರೋ ವಂಶದ ಉತ್ತರಾಧಿಕಾರಿಯೇ ಆಗಿಬಿಡುತ್ತದೆ. ಹೀಗೆ ವಂಶದೊಳಗೆ ನೆಲೆಯಾದವನ್ನು ಅಂತರ್ಜಾತ ರೆಟ್ರೋವೈರಸ್ಸುಗಳೆಂದು ಕರೆಯುತ್ತಾರೆ.

ರೆಟ್ರೋವೈರಸ್ಸುಗಳು ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಮಾತ್ರ ಇರುವುವೆಂದು ೧೯೯೪ರವರೆಗೆ ಪಂಡಿತರ ಅಭಿಪ್ರಾಯವಾಗಿತ್ತು. ಹಣ್ಣಿನ ನೊಣದಲ್ಲಿ 'ಜಿಪ್ಸಿ' ಎಂಬ ಅಲೆಮಾರಿ ತುಣುಕೊಂದಿರುವುದು ತಿಳಿದಿತ್ತು. ಹೆಸರಿಗೆ ತಕ್ಕಂತೆ ಅದು ಊರೂರು ತಿರುಗುವುದು. ರೆಟ್ರೋವೈರಸ್ಸಿನ ಲಕ್ಷಣಗಳೂ ಅದರಲ್ಲಿದ್ದುವು. ಆದರೆ ಅದು ಒಂದು ನೊಣದಿಂದ ಇನ್ನೊಂದಕ್ಕೆ ಅಂಟೀತೆ? ಆ ವರ್ಷ ಫ್ರಾನ್ಸಿನ ಜಿಫ್-ಸುರ್-ಇವೆತ್ ಎಂಬ ಊರಿನಲ್ಲಿ ಅಲೇನ್ ಬ್ಯೂಶ್ತೋ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಜಿಪ್ಸಿ ಚುರುಕಾಗಿ ಹಾರಾಡುತ್ತಿದ್ದ ನೊಣಗಳ ಕೋಶಾವಸ್ಥೆಯ ಮರಿಗಳನ್ನು ಅರೆದು, ಆ ಗಸಿಯನ್ನು ಆಹಾರದಲ್ಲಿ ಬೆರೆಸಿ, ಅಂಥ ಹಾರಾಟವೇ ಇಲ್ಲದ ಶುದ್ಧ ಸಂತತಿಯ ಹುಳುಗಳಿಗೆ ಉಣಿಸಿದರು. ಆ ಸಂತತಿಯಲ್ಲಿ ಜಿಪ್ಸಿ ಕಾಣಿಸಿಕೊಂಡಿತು. ಒಂದು ಸಂತತಿಯ ಮೊಟ್ಟೆಯ ರಸವನ್ನು ಸೂಜಿಯಿಂದ ಇನ್ನೊಂದರ ಭ್ರೂಣಕ್ಕೆ ಚುಚ್ಚಿದಾಗಲೂ ಹಾಗೆಯೇ ಆಯಿತು. ಅದೇ ವರ್ಷ ಅಮೆರಿಕದಲ್ಲಿ ವಿಕ್ಟರ್ ಕೋರ್ಸೆಸ್ ಎಂಬವರ ತಂಡವೂ ಇದೇ ನಿರ್ಣಯಕ್ಕೆ ಬಂದಿತು. ಬೆನ್ನೆಲುಬಿಲ್ಲದ ಪುಟ್ಟ ನೊಣಕ್ಕೂ ರೆಟ್ರೋವೈರಸ್ಸು ಉಂಟು ಎಂದಾಯಿತು.

ಮನೆ ಬಿಟ್ಟು ಹೊರಡುವವನಿಗೆ ಅಂಗಿ ಬೇಕಷ್ಟೆ? ಕೋಶದಿಂದ ಕೋಶಕ್ಕೆ ಹೋಗುವ ವೈರಸ್ಸಿಗೂ ಹೊರಗವಚದ ಪ್ರೋಟೀನೊಂದು ಬೇಕು. ಜಿಪ್ಸಿಯ ಕವಚದ ಜೀನನ್ನು ಪರಿಶೀಲಿಸಿದವರು ೨೦೦೦ದಲ್ಲಿ ಹೇಳಿದುದು ಕುತೂಹಲಕರವಾಗಿದೆ: ಕೀಟಗಳಿಗೆ ರೋಗ ತರುವ ಬ್ಯಾಕ್ಯುಲೋವೈರಸ್ ಎಂಬ ಬೇರೊಂದು ಕುಲದ ವೈರಸ್ಸಿನಿಂದ ಈ ಅಂಗಿಯನ್ನು ಜಿಪ್ಸಿಯ ಪೂರ್ವಿಕರು ಎಂದೋ ಎತ್ತಿಕೊಂಡಿದ್ದರು. ಮನೆಯೊಳಗೇ ಹಾರುತ್ತಿದ್ದ ತುಣುಕು, ಎರವಲು ಅಂಗಿ ತೊಟ್ಟು ಬೀದಿಗಿಳಿಯಿತು.

ಇನ್ನು ಅದು ಬೀಜಕೋಶವನ್ನು ಹೊಗುವ ದಾರಿ. ನೊಣದ ಅಂಡಾಶಯದಲ್ಲಿ ಪ್ರತಿಯೊಂದು ಅಂಡವೂ ಬಸಿರಿನ ಮನೆಯ ಮಗಳಂತೆ ಪೋಷಿತವಾಗುತ್ತದೆ. ಹದಿನೈದು ದಾದಿ ಕೋಶಗಳು ಅದಕ್ಕೆ ಅನ್ನಪಾನಗಳನ್ನು ಒದಗಿಸುತ್ತವೆ. ಇವೆಲ್ಲವನ್ನೂ ಸುತ್ತುವರಿದು, ಒಂದೇ ಸಾಲಿನ ಗೋಡೆಯಂತೆ, ಹೊದಿಕೆಯ ಕೋಶಗಳು ನಿಂತಿರುತ್ತವೆ. ಈ ಹೊದಿಕೆ ತಾಯಿಯ ಒಡಲಿನ ಭಾಗ. ಮೊಟ್ಟೆ ಸಿದ್ಧವಾದೊಡನೆ ಅದರ ಕೆಲಸ ಮುಗಿಯಿತು. ಜಿಪ್ಸಿ ಎಚ್ಚರಗೊಳ್ಳುವುದು ಈ ಹೊದಿಕೆಯಲ್ಲಿಯೇ! ಸಾಯಲಿರುವ ಗೋಡೆಗೂ ಬಾಳಲಿರುವ ಅಂಡಕ್ಕೂ ನಡುವೆ ಒಂದು ಹೆಜ್ಜೆಯಷ್ಟೇ ಅಂತರ. ಆ ಹೆಜ್ಜೆಯನ್ನು ಇಟ್ಟರೆ ಅದಕ್ಕೆ ವಂಶವೆಲ್ಲ ದೊರೆಯಿತು. ಇಡದಿದ್ದರೆ ಗೋಡೆಯೊಂದಿಗೆ ತಾನೂ ಮಣ್ಣು. ಇದೇ ಗುಂಪಿನ ಜ್ಯಾಮ್ ಎಂಬ ಇನ್ನೊಂದು ವೈರಸ್ಸು ಇನ್ನೂ ಜಾಣತನದ್ದು. ಅಂಡಕ್ಕೆ ಭಂಡಾರದ ಆಹಾರ ಹೊರಗಿನಿಂದ ಸಾಗುವ ಹಾದಿಯಲ್ಲೇ ಅದರ ಕಣಗಳೂ ಸಾಗುವುದನ್ನು ೨೦೦೦ದಲ್ಲಿ ಫ್ರೆಂಚ್ ವಿಜ್ಞಾನಿಗಳು ತೋರಿಸಿದರು. ತಾಯಿ ಬುತ್ತಿ ಕಟ್ಟಿ ಕಳುಹಿಸುವಾಗ, ಬುತ್ತಿಯ ಗಂಟಿನ ಮರೆಯಲ್ಲಿ ಕಳ್ಳನೂ ಒಳಹೊಕ್ಕಂತೆ. ಜಿಪ್ಸಿಯ ವಿಷಯದಲ್ಲಿ ಮತ್ತೊಂದು ವಿಸ್ಮಯವೂ ೧೯೯೯ರಲ್ಲಿ ಹೊರಬಿದ್ದಿತು. ಕವಚದ ಜೀನು ಕೆಟ್ಟಿದ್ದರೂ ಅದು ಹೆಣ್ಣು ನೊಣದ ಬೀಜಕೋಶಗಳನ್ನು ಸೇರಬಲ್ಲದು. ಬೀದಿಗೆ ಅಂಗಿ ಬೇಕು; ಹಿತ್ತಲ ಬಾಗಿಲಿಗೆ ಅಂಗಿಯೇಕೆ?

ಹೀಗಾದರೆ ಲೋಕದ ನೊಣಗಳೆಲ್ಲ ಎಂದೋ ನಾಶವಾಗಬೇಕಿತ್ತಲ್ಲವೆ? ಹಾರಿದ ತುಣುಕು ಒಳ್ಳೆಯ ಜೀನಿನ ನಡುವೆ ಕುಳಿತರೆ ಆ ಜೀನು ಕೆಡುತ್ತದೆ. ಹಾರಾಟ ಮಿತಿಮೀರಿದರೆ ವರ್ಣತಂತುಗಳೇ ತುಂಡಾಗುತ್ತವೆ. ಅಂಡಾಶಯ ಬೆಳೆಯದೆ ಸಂತಾನವೇ ನಿಲ್ಲುತ್ತದೆ. ಆದರೂ ನೊಣದ ಕುಲ ಕೋಟಿ ಕೋಟಿಯಾಗಿ ಬಾಳಿದೆ. ಯಾರೋ ಕಾವಲಿದ್ದಾರೆಂದೇ ಅರ್ಥ. ಆ ಕಾವಲುಗಾರನ ಠಾವು ಎಕ್ಸ್ ವರ್ಣತಂತುವಿನ ಮೇಲಿರುವುದನ್ನು ಫ್ರೆಂಚ್ ವಿಜ್ಞಾನಿಗಳು ೧೯೯೪–೯೫ರಲ್ಲಿ ಗುರುತಿಸಿದರು. ಸ್ಪೇನ್ ದೇಶದ ಜಿಪ್ಸಿಗಳ ಹಾಡು ಕುಣಿತಕ್ಕೆ ಫ್ಲಮೆಂಕೋ ಎಂದು ಹೆಸರು. ಜಿಪ್ಸಿಯನ್ನು ತನ್ನ ತಾಳಕ್ಕೆ ಕುಣಿಸುವ ಈ ಠಾವಿಗೂ ಅದೇ ಹೆಸರಾಯಿತು. ಫ್ಲಮೆಂಕೋ ಸರಿಯಾಗಿರುವ ತಾಯಿಯಲ್ಲಿ ಜಿಪ್ಸಿ ನಿದ್ರಿಸುತ್ತದೆ. ಅದು ಕೆಟ್ಟಿರುವ ತಾಯಿಯ ಮಕ್ಕಳಲ್ಲಿ ಜಿಪ್ಸಿ ಹೊಸ ಹೊಸ ಜಾಗಗಳಲ್ಲಿ ಕಾಣಿಸಿಕೊಳ್ಳುತ್ತದೆ.

ವಿಜ್ಞಾನಿಗಳು ಅಲ್ಲಿ ಕಾವಲಿನ ಪ್ರೋಟೀನನ್ನು ಕೊಡುವ ಜೀನೊಂದನ್ನು ಹುಡುಕಿದರು. ಹನ್ನೆರಡು ವರ್ಷಗಳಾದರೂ ಸಿಗಲಿಲ್ಲ. ೨೦೦೭ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಗ್ರೆಗರಿ ಹ್ಯಾನನ್, ಜೂಲಿಯಸ್ ಬ್ರೆನೆಕೆ ಮೊದಲಾದವರು ರಹಸ್ಯವನ್ನು ಬಿಡಿಸಿದಾಗ, ಅಲ್ಲಿ ಅಂಥ ಜೀನೇ ಇರಲಿಲ್ಲ. ಇದ್ದುದು ಒಂದು ಸ್ಮಶಾನ! ಹಿಂದೆ ದಾಳಿ ಮಾಡಿ ಸತ್ತ ವೈರಸ್ಸುಗಳ ತುಂಡುಗಳು ಉದ್ದಕ್ಕೂ ಬಿದ್ದಿದ್ದುವು. ಅವುಗಳಲ್ಲಿ ಬಹುಪಾಲು ತಲೆಕೆಳಗಾಗಿ, ಒಂದೇ ದಿಕ್ಕಿಗೆ ತಿರುಗಿದ್ದುವು. ಈ ಸಾಲಿನಿಂದ ಉದ್ದನೆಯ ಆರ್.ಎನ್.ಎ. ಹೊರಟು, ಸುಮಾರು ೨೩ರಿಂದ ೨೯ ಅಕ್ಷರಗಳ ಚಿಕ್ಕ ಚೀಟಿಗಳಾಗಿ ಕತ್ತರಿಸಲ್ಪಡುತ್ತದೆ. ಪೈ ಆರ್.ಎನ್.ಎ. ಎಂಬುದು ಇವುಗಳ ಹೆಸರು. ಪಿವಿ ಎಂಬ ಪ್ರೋಟೀನು ಒಂದೊಂದು ಚೀಟಿಯನ್ನು ಹಿಡಿದುಕೊಂಡು ಗಸ್ತು ತಿರುಗುತ್ತದೆ. ಚೀಟಿಯ ಬರಹ ವೈರಸ್ಸಿನ ಬರಹಕ್ಕೆ ಕನ್ನಡಿಯಂತೆ ವಿರುದ್ಧ. ಆದುದರಿಂದ ಎರಡೂ ಎದುರಾದಾಗ ಬೀಗಕ್ಕೆ ಕೀಲಿಯಂತೆ ಕೂಡಿಕೊಳ್ಳುತ್ತವೆ. ಕಳ್ಳ ಸಿಕ್ಕಿಬೀಳುತ್ತಾನೆ, ಅವನ ಜೀನಿನ ಬಾಗಿಲು ಮುಚ್ಚುತ್ತದೆ. ಪೋಲೀಸರ ಠಾಣೆಯಲ್ಲಿ ಹಳೆಯ ಕಳ್ಳರ ಭಾವಚಿತ್ರಗಳನ್ನು ತೂಗುಹಾಕುವುದುಂಟಷ್ಟೆ? ಫ್ಲಮೆಂಕೋ ಎಂಬುದು ಅಂಥ ಗೋಡೆ. ಚಿತ್ರವಿಲ್ಲದ ಕಳ್ಳನನ್ನು ಅದು ಗುರುತಿಸಲಾರದು.

ಚಿತ್ರವೇ ಇಲ್ಲದ ಕಳ್ಳ ಬಂದಾಗ ಏನಾಗುತ್ತದೆಂಬುದನ್ನು ಇನ್ನೊಂದು ಕಥೆ ತೋರಿಸುತ್ತದೆ. ಪಿ ಎಂಬ ತುಣುಕು ವೈರಸ್ಸಲ್ಲ. ಆದರೆ ಹಾರುವುದರಲ್ಲಿ ಜಿಪ್ಸಿಗೆ ಸಮಾನ. ಅದು ವಿಲಿಸ್ಟೋನಿ ಎಂಬ ಬೇರೊಂದು ಜಾತಿಯ ಅಮೆರಿಕದ ನೊಣದಿಂದ ಇಪ್ಪತ್ತನೆಯ ಶತಮಾನದಲ್ಲಿ ಈ ನೊಣಕ್ಕೆ ದಾಟಿತು. ೧೯೫೦ಕ್ಕೆ ಮೊದಲು ಹಿಡಿದು ಬಾಟಲಿಗಳಲ್ಲಿ ಕಾಪಾಡಿದ ಹಳೆಯ ಸಂತತಿಗಳಲ್ಲಿ ಪಿ ಇಲ್ಲ. ಆಮೇಲಿನ ದಶಕಗಳಲ್ಲಿ ಅದು ಜಗತ್ತಿನ ಕಾಡು ನೊಣಗಳಿಗೆಲ್ಲ ಹಬ್ಬಿತು. ಇದು ತಿಳಿದದ್ದು ಹಳೆಯ ಸಂತತಿಗಳನ್ನು ತಲೆಮಾರುಗಟ್ಟಲೆ ಜೋಪಾನ ಮಾಡಿದವರ ಪುಣ್ಯದಿಂದ. ಮೈಸೂರಿನ ಮಾನಸಗಂಗೋತ್ರಿಯಲ್ಲೂ ಇಂಥ ನೊಣಗಳ ಸಂಗ್ರಹಾಲಯವೊಂದು ನಡೆದುಬಂದಿದೆ. ವಾರ ವಾರವೂ ಬಾಟಲಿ ಬದಲಿಸಿ ಅನ್ನವಿಕ್ಕುವ ಕೈಗಳ ಹೆಸರು ಯಾವ ಗ್ರಂಥದಲ್ಲೂ ಅಚ್ಚಾಗುವುದಿಲ್ಲ. ಆದರೆ ಅವರಿಲ್ಲದೆ ಹಿಂದಿನ ನೊಣವನ್ನು ಇಂದಿನ ನೊಣದೊಡನೆ ಹೋಲಿಸುವಂತಿಲ್ಲ.

೧೯೭೦ರ ದಶಕದಲ್ಲಿ ಮಾರ್ಗರೆಟ್ ಕಿಡ್‌ವೆಲ್ ಮತ್ತು ಸಂಗಡಿಗರು ಈ ಎರಡು ಬಗೆಯ ನೊಣಗಳಿಗೆ ಮದುವೆ ಮಾಡಿದರು. ಪಿ ಇರುವ ಕಾಡಿನ ಗಂಡು, ಪಿ ಇಲ್ಲದ ಪ್ರಯೋಗಶಾಲೆಯ ಹೆಣ್ಣು: ಇವುಗಳ ಮಕ್ಕಳಲ್ಲಿ ಸಂತಾನಶಕ್ತಿ ನಾಶವಾಗಿತ್ತು. ಅದಲು ಬದಲು ಮಾಡಿದರು. ಪಿ ಇರುವ ಹೆಣ್ಣು, ಇಲ್ಲದ ಗಂಡು: ಮಕ್ಕಳು ಸುಖವಾಗಿದ್ದುವು. ಎರಡು ಮನೆಯ ಮಕ್ಕಳಿಗೂ ಬಂದ ಪಿ ಒಂದೇ. ಆದರೂ ಒಂದು ಮನೆಯಲ್ಲಿ ದೀಪ ಆರಿತು, ಇನ್ನೊಂದರಲ್ಲಿ ಬೆಳಗಿತು. ಮೂವತ್ತು ವರ್ಷಗಳವರೆಗೆ ಈ ಒಗಟು ಪೂರ್ತಿಯಾಗಿ ಒಡೆಯಲಿಲ್ಲ. ೨೦೦೮ರಲ್ಲಿ ಬ್ರೆನೆಕೆ ಮತ್ತು ಹ್ಯಾನನ್ ತಂಡ ಉತ್ತರ ಕೊಟ್ಟಿತು. ಪಿಯನ್ನು ಬಲ್ಲ ತಾಯಿ ಮೊಟ್ಟೆಯೊಳಗೆ ಆಹಾರದೊಡನೆ ಪೈ ಆರ್.ಎನ್.ಎ. ಚೀಟಿಗಳನ್ನೂ ತುಂಬಿ ಕಳುಹಿಸುತ್ತಾಳೆ. ತಂದೆಯ ವೀರ್ಯಾಣುವಿನಲ್ಲಿ ಈ ಬಳುವಳಿಗೆ ಸ್ಥಳವಿಲ್ಲ. ಅವನಿಂದ ಕಳ್ಳ ಬರಬಹುದು, ಕಾವಲು ಬರಲಾರದು. ಶತ್ರುವನ್ನು ಎಂದೂ ಕಾಣದ ತಾಯಿ ಎಷ್ಟೇ ಆರೋಗ್ಯವಂತಳಾಗಿದ್ದರೂ ಆ ಶತ್ರುವಿಗೆ ರಕ್ಷೆ ಕಟ್ಟಲಾರಳು. ಕಂಡು, ನೊಂದು, ಗೆದ್ದ ತಾಯಿಯೇ ಕಟ್ಟಬಲ್ಲಳು.

ಹಾಗಾದರೆ ರಕ್ಷೆಯಿಲ್ಲದೆ ಹುಟ್ಟಿದ ಮಕ್ಕಳ ಗತಿಯೇನು? ೨೦೧೧ರಲ್ಲಿ ವಿಲಿಯಂ ತೇರ್ಕಾಫ್ ಅವರ ತಂಡ ಅಂಥ ಹೆಣ್ಣು ನೊಣಗಳನ್ನು ಕೂಡಲೆ ಎಸೆಯದೆ, ವಯಸ್ಸಾಗುವವರೆಗೆ ಸಾಕಿ ನೋಡಿತು. ಎಳೆಯ ಪ್ರಾಯದಲ್ಲಿ ಸಂತಾನವಿಲ್ಲದ ಆ ಹೆಣ್ಣುಗಳು ವಯಸ್ಸು ಕಳೆದಂತೆ ಮೊಟ್ಟೆಯಿಡತೊಡಗಿದವು. ತಂದೆಯಿಂದ ಬಂದ ಪಿಯ ಪ್ರತಿಗಳಿಂದಲೇ ಅವು ನಿಧಾನವಾಗಿ ಚೀಟಿಗಳನ್ನು ತಯಾರಿಸಲು ಕಲಿತಿದ್ದುವು. ಕಲಿತುದನ್ನು ಮಕ್ಕಳಿಗೂ ದಾಟಿಸಿದವು. ತಾಯಿ ಕೊಡದ ಬಳುವಳಿಯನ್ನು ಮಗಳು ತಾನೇ ಸಂಪಾದಿಸಿ, ತನ್ನ ಮಗಳಿಗೆ ಕೊಟ್ಟಳು.

ವೈರಸ್ಸಿನ ವಿಷಯದಲ್ಲೂ ಇಂಥದೇ ಒಂದು ಘಟನೆ ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ನಗರದ ಪ್ರಯೋಗಶಾಲೆಯಲ್ಲಿ ದಾಖಲಾಗಿದೆ. ಅಲ್ಲಿನ ಒಂದು ಸಂತತಿಯಲ್ಲಿ ಫ್ಲಮೆಂಕೋದ ಒಂದು ಭಾಗ ಕಳಚಿಹೋಗಿತ್ತು. ಅದರೊಡನೆ ಜ್ಯಾಮಿನ ಭಾವಚಿತ್ರವೂ ಹೋಗಿತ್ತು. ಕಾವಲಿಲ್ಲದ ಹೊದಿಕೆಯಿಂದ ಜ್ಯಾಮ್ ಅಂಡಕ್ಕೆ ಮತ್ತೆ ಮತ್ತೆ ನುಗ್ಗಿತು. ಹೀಗೆ ನುಗ್ಗುತ್ತ ನುಗ್ಗುತ್ತ, ಅದರ ಪ್ರತಿಯೊಂದು ಬೀಜಕೋಶದಲ್ಲಿರುವ ಇನ್ನೊಂದು ಕಾವಲು ಠಾವಿನ ಒಳಗೇ ಹೋಗಿ ಬಿದ್ದಿತು. ಬಿದ್ದದ್ದೇ ತಡ, ಆ ಠಾವು ಜ್ಯಾಮಿನ ವಿರುದ್ಧ ಚೀಟಿ ಬರೆಯತೊಡಗಿತು; ಬೀಜಕೋಶಗಳಲ್ಲಿ ಜ್ಯಾಮಿನ ಆಟ ನಿಂತಿತು. ೨೦೧೯ರಲ್ಲಿ ಈ ವೃತ್ತಾಂತ ಪ್ರಕಟವಾಯಿತು. ಶತ್ರು ಹೆಚ್ಚು ಹಾರಿದಷ್ಟೂ ಬಲೆಗೆ ಬೀಳುವ ಸಂಭವವೂ ಹೆಚ್ಚು. ಅವನ ದುರಾಸೆಯೇ ಅವನ ಬೇಡಿ.

ನೊಣದ ಈ ಪಾಠ ನೊಣಕ್ಕಷ್ಟೇ ಮೀಸಲಲ್ಲ. ಆಸ್ಟ್ರೇಲಿಯದ ಕೋಆಲಾ ಎಂಬ ಸಾಧು ಪ್ರಾಣಿಯ ವಂಶದೊಳಕ್ಕೆ ರೆಟ್ರೋವೈರಸ್ಸೊಂದು ಇಂದಿಗೂ ಹೊಗುತ್ತಿದೆಯೆಂಬುದನ್ನು ೨೦೦೬ರಲ್ಲಿ ವಿಜ್ಞಾನಿಗಳು ತೋರಿಸಿದರು. ಉತ್ತರದ ಕ್ವೀನ್ಸ್‌ಲೆಂಡಿನ ಕೋಆಲಾಗಳಲ್ಲಿ ಅದು ಮನೆಮನೆಯ ಆಸ್ತಿ. ದಕ್ಷಿಣದಲ್ಲಿ ಅದಿಲ್ಲದ ಪ್ರಾಣಿಗಳೂ ಇದ್ದುವು. ರಕ್ತದ ಕ್ಯಾನ್ಸರಿನಂಥ ವ್ಯಾಧಿಗಳಿಗೂ ಅದಕ್ಕೂ ಸಂಬಂಧವುಂಟು. ನೊಣದಲ್ಲಿ ಕಲಿತ ಪೈ ಆರ್.ಎನ್.ಎ. ವಿದ್ಯೆಯಿಂದಲೇ, ಕೋಆಲಾದ ಬೀಜಕೋಶಗಳು ಈ ಹೊಸ ಶತ್ರುವನ್ನು ಹೇಗೆ ಎದುರಿಸುತ್ತಿವೆಯೆಂಬುದನ್ನು ೨೦೧೯ರಲ್ಲಿ ಪರೀಕ್ಷಿಸಿದರು. ಮನುಷ್ಯನ ಡಿ.ಎನ್.ಎ.ಯಲ್ಲಿಯಾದರೂ ಸುಮಾರು ನೂರಕ್ಕೆ ಎಂಟು ಪಾಲು ಹಳೆಯ ರೆಟ್ರೋವೈರಸ್ಸುಗಳ ಅವಶೇಷ. ಅವುಗಳಲ್ಲೊಂದರ ಕವಚದ ಪ್ರೋಟೀನು ಗರ್ಭಿಣಿಯ ಮಾಸಿನಲ್ಲಿ ಕೋಶಗಳನ್ನು ಒಂದುಗೂಡಿಸುವ ಕೆಲಸಕ್ಕೆ ನಿಂತಿದೆಯೆಂದು ೨೦೦೦ದಲ್ಲಿ ತಿಳಿಯಿತು. ಕನ್ನ ಕೊರೆಯಲು ತಂದ ಹಾರೆ ಕಾಲಾಂತರದಲ್ಲಿ ಮನೆ ಕಟ್ಟುವ ಹಾರೆಯಾಯಿತು.

ಶುದ್ಧ ವಂಶ, ಬೆರಕೆಯಿಲ್ಲದ ರಕ್ತ ಎಂದು ಹೆಮ್ಮೆಪಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಜೀವಕೋಶದ ಕಡತ ಅಂಥ ಹೆಮ್ಮೆಗೆ ಆಧಾರವನ್ನು ಕೊಡುವುದಿಲ್ಲ. ಪರರು ನುಸುಳದ ಮನೆ ಅಲ್ಲಿ ಒಂದೂ ಇಲ್ಲ. ಪಿ ಎಂಬುದನ್ನೇ ಕಾಣದ ಬಾಟಲಿಯ ಸಂತತಿ ಆ ಲೆಕ್ಕದಲ್ಲಿ ಪರಮ ಶುದ್ಧವಾಗಿತ್ತು. ಹೊರಗಿನಿಂದ ಬಂದ ಮೊದಲನೆಯ ವರನೊಡನೆಯೇ ಅದರ ಸಂತಾನಕ್ಕೆ ಕುತ್ತು ಬಂದಿತು. ಪೆಟ್ಟು ತಿಂದು, ಪೆಟ್ಟಿನ ಗುರುತನ್ನು ಜೋಪಾನವಾಗಿಟ್ಟುಕೊಂಡು, ಅದನ್ನು ಮಕ್ಕಳ ಕೈಗೆ ದಾಟಿಸಿದ ವಂಶಗಳು ಬಾಳಿದವು. ಒಂದು ನೊಣದ ಮೊಟ್ಟೆ ಅರ್ಧ ಮಿಲಿಮೀಟರಿನಷ್ಟು ಉದ್ದ. ಅಷ್ಟು ಚಿಕ್ಕ ಬುತ್ತಿಯಲ್ಲಿ, ಅನ್ನದ ಪಕ್ಕದಲ್ಲೇ, ತಾಯಿ ತಾನು ಕಂಡ ಶತ್ರುಗಳ ಗುರುತನ್ನು ಬರೆದಿಟ್ಟಿರುತ್ತಾಳೆ.